ಪೊಲೀಸ್ ಬಲ ಹೆಚ್ಚಿದರೆ ಊರು ಸುರಕ್ಷಿತವಾಗುತ್ತದೆಯೇ? ಜನರ ನಡತೆಯ ಪಾಲೆಷ್ಟು?

ಪ್ರಶ್ನೆ: ಉಡುಪಿಯ ಅಧ್ಯಾಪಕ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯ ಪದವಿಪೂರ್ವ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಕೋಮು ಹಿಂಸೆಯನ್ನು ತಡೆಯಲೆಂದು ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗಾಗಿ ಸರ್ಕಾರ 2025ರಲ್ಲಿ ವಿಶೇಷ ಕಾರ್ಯಪಡೆಯನ್ನು ರಚಿಸಿದಂದಿನಿಂದ ನಮ್ಮ ತರಗತಿಯಲ್ಲಿ ಒಂದು ವಾದ ಮುಗಿದೇ ಇಲ್ಲ. ಪೊಲೀಸರು, ಸಿಸಿಟಿವಿ, ಕಠಿಣ ಕಾನೂನು ಇವಿಷ್ಟಿದ್ದರೆ ಊರು ಸುರಕ್ಷಿತವಾಗಿರುತ್ತದೆ ಎಂದು ಕೆಲವು ವಿದ್ಯಾರ್ಥಿಗಳು ಹೇಳಿದರೆ, ಅವು ಹೆಚ್ಚಿದಷ್ಟೂ ನಮ್ಮ ಸ್ವಾತಂತ್ರ್ಯ ಕುಗ್ಗುತ್ತದೆ ಎಂದು ಇನ್ನು ಕೆಲವರು ಹೇಳುತ್ತಾರೆ. ಸ್ವಾತಂತ್ರ್ಯ ಮತ್ತು ಸುರಕ್ಷತೆ ಎರಡೂ ಉಳಿಯುವುದು ಜನರ ಸನ್ನಡತೆಯಿಂದ ಮತ್ತು ಎಲ್ಲರೂ ಕೂಡಿ ಹೊರುವ ಹೊಣೆಯಿಂದ ಎಂದು ನಾನು ನಂಬಿದ್ದೇನೆ.

ಆದರೆ ಹಾಗೆ ಹೇಳಿದ ಕೂಡಲೇ ನನಗೇ ಎರಡು ಸಂಶಯಗಳು ಏಳುತ್ತವೆ. ಎಲ್ಲವನ್ನೂ ಜನರ ಒಳ್ಳೆಯತನದ ಮೇಲೆ ಹೊರಿಸಿದರೆ ಅಧಿಕಾರದಲ್ಲಿರುವವರು ಜಾರಿಕೊಳ್ಳುವುದಿಲ್ಲವೇ? ಮತ್ತು ಯಾವುದು ಸನ್ನಡತೆ ಎಂದು ತೀರ್ಮಾನಿಸುವವರು ಯಾರು? ವಿದ್ಯಾರ್ಥಿಗಳಿಗೆ ಬರಿಯ ಉಪದೇಶ ಕೊಟ್ಟಂತಾಗಬಾರದು. ನಮ್ಮ ಕರಾವಳಿಯ ಅನುಭವದಿಂದ ಉತ್ತರಿಸುವಿರೆಂದು ಕೇಳಿಕೊಳ್ಳುತ್ತೇನೆ.

ಉತ್ತರ: ನಿವೃತ್ತ ವಕೀಲ, ಮಂಗಳೂರು

ನಿಮ್ಮ ಮೊದಲನೆಯ ಸಂಶಯಕ್ಕೆ ಇತಿಹಾಸದ ಆಧಾರವಿದೆ. ಸಂವಿಧಾನ ಸಭೆಯ ಸಲಹೆಗಾರರಾಗಿ ಆರಂಭದ ಕರಡನ್ನು ಸಿದ್ಧಪಡಿಸಿದ ಬೆನಗಲ್ ನರಸಿಂಗ ರಾವ್ ಅವರು 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. 1949ರ ನವೆಂಬರ್ 25ರಂದು ಡಾ. ಅಂಬೇಡ್ಕರ್ ಅವರು ಸಭೆಯಲ್ಲಿ ಮಾತನಾಡುತ್ತಾ ರಾವ್ ಅವರ ಕೊಡುಗೆಯನ್ನು ಸ್ಮರಿಸಿದರು. ಸಂವಿಧಾನ ಎಷ್ಟೇ ಉತ್ತಮವಾಗಿದ್ದರೂ ಅದನ್ನು ನಡೆಸುವವರು ಕೆಟ್ಟವರಾದರೆ ಅದು ಕೆಡುವುದು ಖಂಡಿತ ಎಂದು ಅವರು ಎಚ್ಚರಿಸಿದ್ದು ಅದೇ ಭಾಷಣದಲ್ಲಿ. ಆ ಎಚ್ಚರಿಕೆ ಮೊದಲು ಅನ್ವಯಿಸುವುದು ಅಧಿಕಾರ ಕೈಯಲ್ಲಿರುವವರಿಗೆ.

ಪ್ರಜೆಗಳ ಮೂಲಭೂತ ಕರ್ತವ್ಯಗಳು ನಮ್ಮ ಸಂವಿಧಾನಕ್ಕೆ ಸೇರಿದ್ದು 1976ರಲ್ಲಿ, 42ನೇ ತಿದ್ದುಪಡಿಯ ಮೂಲಕ, ತುರ್ತುಪರಿಸ್ಥಿತಿಯ ನಡುವೆ. ಅದೇ ವರ್ಷದ ಏಪ್ರಿಲ್‌ನಲ್ಲಿ, ತುರ್ತುಪರಿಸ್ಥಿತಿ ಜಾರಿಯಲ್ಲಿರುವಾಗ ಬಂಧಿತರಾದವರು ತಮ್ಮ ಬಂಧನವನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಬರುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ತೀರ್ಪಿತ್ತಿದ್ದರು. ಒಪ್ಪದೆ ಪ್ರತ್ಯೇಕ ತೀರ್ಪು ಬರೆದವರು ಎಚ್.ಆರ್. ಖನ್ನಾ ಒಬ್ಬರೇ. 1977ರ ಜನವರಿಯಲ್ಲಿ ಅವರ ಜ್ಯೇಷ್ಠತೆಯನ್ನು ಕಡೆಗಣಿಸಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಿದಾಗ ಅವರು ರಾಜೀನಾಮೆ ಕೊಟ್ಟು ಹೊರನಡೆದರು. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ತುರ್ತುಪರಿಸ್ಥಿತಿಯಲ್ಲಿಯೂ ಅಮಾನತಿನಲ್ಲಿಡುವಂತಿಲ್ಲ ಎಂಬ ನಿಯಮ 1978ರ 44ನೇ ತಿದ್ದುಪಡಿಯಿಂದ ಬಂತು. ಈ ಹಕ್ಕನ್ನು ಕೊಡುವ 21ನೇ ವಿಧಿಯ ಅಕ್ಷರಗಳು ಆ ಐವರ ಮುಂದೆಯೂ ಒಂದೇ ಆಗಿದ್ದವು. ವ್ಯತ್ಯಾಸ ಮಾಡಿದ್ದು ಓದುವವನ ಎದೆಗಾರಿಕೆ. ಆದುದರಿಂದ ಸನ್ನಡತೆಯ ಮಾತನ್ನು ಆಡುವಾಗ ಖನ್ನಾ ಅವರಿಂದಲೇ ಆರಂಭಿಸಿರಿ. ಆಗ ಅದು ಆಳುವವರು ಆಳಿಸಿಕೊಳ್ಳುವವರಿಗೆ ಹೇಳುವ ಬುದ್ಧಿಮಾತಾಗಿ ಉಳಿಯುವುದಿಲ್ಲ.

ಉತ್ತರ: ಮಲ್ಪೆ ಬಂದರು

ನಾನು ಓದಿದ್ದು ಕಡಿಮೆ, ಆದರೆ ಈ ಪ್ರಶ್ನೆಯನ್ನು ಕಡಲು ನಮ್ಮ ಮುಂದೆ ಪ್ರತಿ ವರ್ಷವೂ ಇಡುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಅದು ಅನೇಕ ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲ. ನಾಡದೋಣಿಯವರು ಮಾತ್ರ ಹೋಗಬಹುದು. ಈ ನಿಷೇಧ ಬಹುಮಟ್ಟಿಗೆ ಪಾಲನೆಯಾಗುತ್ತದೆ, ಏಕೆಂದರೆ ಬೋಟುಗಳು ಬಂದರಿನಲ್ಲಿ ಎಲ್ಲರ ಕಣ್ಣೆದುರಿಗೇ ಕಟ್ಟಿರುತ್ತವೆ. ಯಾವ ಬೋಟು ಹೊರಟಿತೆಂಬುದು ಮುಚ್ಚಿಡುವ ವಿಷಯವಲ್ಲ.

ಕಷ್ಟ ಶುರುವಾಗುವುದು ಆಗಸ್ಟ್‌ನ ನಂತರ, ದಡ ಕಾಣದ ದೂರದಲ್ಲಿ. ರಾತ್ರಿ ಪ್ರಖರ ದೀಪ ಹಾಕಿ ಮೀನನ್ನು ಒಂದೆಡೆ ಸೇರಿಸಿ ಬಾಚುವ ಬೆಳಕು ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ಎರಡು ಬೋಟುಗಳು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್‌ಗೂ ನಿಷೇಧವಿದೆ. ಆದರೂ ದೂರುಗಳು ನಿಂತಿಲ್ಲ. ಮುನ್ನೂರು ಕಿಲೋಮೀಟರಿಗೂ ಉದ್ದದ ಕರಾವಳಿಯ ಆಚೆ, ಕತ್ತಲೆಯಲ್ಲಿ, ಪ್ರತಿ ಬೋಟಿನ ಬೆನ್ನಿಗೂ ಒಬ್ಬ ಅಧಿಕಾರಿಯನ್ನು ನಿಲ್ಲಿಸಲು ಯಾವ ಇಲಾಖೆಗೂ ಸಾಧ್ಯವಿಲ್ಲ. ಅಲ್ಲಿ ಬಲೆಗೆ ಬಿದ್ದ ಬಂಗುಡೆ ಮರಿಯನ್ನು ಕಂಡು ಕೈ ತಡೆಯಬೇಕಾದವನು ಬೋಟು ನಡೆಸುವ ತಾಂಡೇಲ. ಒಬ್ಬನು ತಡೆದು ಹತ್ತು ಮಂದಿ ತಡೆಯದಿದ್ದರೆ ತಡೆದವನಿಗೆ ನಷ್ಟವೇ ಹೊರತು ಕಡಲಿಗೆ ಲಾಭವಿಲ್ಲ. ಒಬ್ಬೊಬ್ಬರೂ ಒಳ್ಳೆಯವರಾಗಿದ್ದರೆ ಸಾಲದು, ಎಲ್ಲರೂ ಒಟ್ಟಿಗೆ ಮಾತಿಗೆ ಕಟ್ಟುಬೀಳಬೇಕು ಎಂದು ನಾನು ಹೇಳುವುದು ಇದಕ್ಕಾಗಿ. ಹಿಂದಿನ ರಂಪಣಿ ಬಲೆಯನ್ನು ಊರಿನ ಹತ್ತಾರು ಗಂಡಸರು ದಡದಿಂದಲೇ ಕೂಡಿ ಎಳೆದು, ಬಂದದ್ದನ್ನು ಪಾಲು ಹಾಕಿಕೊಳ್ಳುತ್ತಿದ್ದರು. 1970ರ ದಶಕದಲ್ಲಿ ಮೀನಿನ ಗುಂಪನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ಆ ಬಲೆಯೊಂದಿಗೆ ಆ ಕೂಡುಕಟ್ಟೂ ಸಡಿಲವಾಯಿತು.

ಸುರಕ್ಷತೆಯ ವಿಷಯವೂ ಹೀಗೆಯೇ. 2008ರ ನವೆಂಬರ್‌ನಲ್ಲಿ ಮುಂಬೈಗೆ ನುಗ್ಗಿದವರು ಬಳಸಿಕೊಂಡದ್ದು ಗುಜರಾತಿನ ಮೀನುಗಾರಿಕಾ ಬೋಟೊಂದನ್ನು. ನಮ್ಮ ರಾಜ್ಯದ ಕರಾವಳಿ ಕಾವಲು ಪೊಲೀಸ್ ಪಡೆಯ ಕೇಂದ್ರ ಕಚೇರಿ ಮಲ್ಪೆಯಲ್ಲಿದೆ, ಗಸ್ತು ದೋಣಿಗಳಿವೆ. ಆದರೂ ಅಪರಿಚಿತ ಬೋಟು ಮೊದಲು ಕಣ್ಣಿಗೆ ಬೀಳುವುದು ಮೀನುಗಾರನಿಗೆ. ಅವನು ವೈರ್‌ಲೆಸ್‌ನಲ್ಲಿ ಸುದ್ದಿ ಮುಟ್ಟಿಸಬೇಕಾದರೆ ಪೊಲೀಸರ ಮೇಲೆ ಅವನಿಗೆ ನಂಬಿಕೆಯಿರಬೇಕು, ಹೇಳಿದವನನ್ನೇ ದಿನಗಟ್ಟಲೆ ಠಾಣೆಗೆ ಅಲೆಸುವುದಿಲ್ಲ ಎಂಬ ಧೈರ್ಯವಿರಬೇಕು.

ಉತ್ತರ: ಕಂಕನಾಡಿ ನಿವಾಸಿ

ಅಧ್ಯಾಪಕರೇ, ನಿಮ್ಮ ಎರಡನೆಯ ಸಂಶಯದ ಬಗ್ಗೆ ಬರೆಯುತ್ತೇನೆ, ಏಕೆಂದರೆ ಮಂಗಳೂರಿನ ಹೆಣ್ಣುಮಕ್ಕಳು ಅದರ ಬೆಲೆ ತೆತ್ತಿದ್ದಾರೆ. 2009ರ ಜನವರಿಯಲ್ಲಿ ಪಬ್ಬಿನಲ್ಲಿ ಯುವತಿಯರ ಮೇಲೆ ಕೈಮಾಡಿದವರೂ, 2012ರ ಜುಲೈನಲ್ಲಿ ಪಡೀಲಿನ ಹೋಂಸ್ಟೇಗೆ ನುಗ್ಗಿ ಹುಟ್ಟುಹಬ್ಬ ಆಚರಿಸುತ್ತಿದ್ದವರನ್ನು ಹೊಡೆದವರೂ ತಾವು ಸಂಸ್ಕೃತಿಯನ್ನು ಕಾಯುತ್ತಿದ್ದೇವೆ ಎಂದೇ ನಂಬಿದ್ದರು. ತನ್ನ ಮೇಲೆ ತಾನು ಹಿಡಿತವಿಟ್ಟುಕೊಳ್ಳದವನು ಇನ್ನೊಬ್ಬರ ನಡತೆಯನ್ನು ತಿದ್ದಲು ಹೊರಟರೆ ಅಲ್ಲಿ ಸ್ವಾತಂತ್ರ್ಯವೂ ಇಲ್ಲ, ಸುರಕ್ಷತೆಯೂ ಇಲ್ಲ. ನೀವು ಹೇಳುವ ಸನ್ನಡತೆಯನ್ನು ಅಳೆಯಬೇಕಾದದ್ದು ನಮ್ಮಂತೆ ಉಡದ, ಉಣ್ಣದ, ಪ್ರಾರ್ಥಿಸದ ಮನುಷ್ಯನೊಂದಿಗೆ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದರಿಂದ.

ಬೇರೆ ಧರ್ಮದ ಸಹಪಾಠಿಯೊಂದಿಗೆ ಬಸ್ಸಿನಲ್ಲಿ ಕುಳಿತ ಹುಡುಗಿಯನ್ನು ನಾಲ್ಕು ಮಂದಿ ಅಡ್ಡಗಟ್ಟಿ ಪ್ರಶ್ನಿಸುವಾಗ ಕಾರ್ಯಪಡೆ ಅಲ್ಲಿಗೆ ತಲುಪಲು ಸಮಯ ಹಿಡಿಯುತ್ತದೆ. ಅಷ್ಟರವರೆಗೆ ಅವಳ ಸ್ವಾತಂತ್ರ್ಯ ನಿರ್ವಾಹಕರ ಮತ್ತು ಸಹಪ್ರಯಾಣಿಕರ ಕೈಯಲ್ಲಿರುತ್ತದೆ. ಅಡ್ಡಗಟ್ಟಿದವರು ಯಾವ ಸಮುದಾಯದವರೋ ಅದೇ ಸಮುದಾಯದ ಹಿರಿಯರೊಬ್ಬರು ಎದ್ದು ನಿಂತು ಸಾಕು ಎಂದರೆ ಆ ಮಾತಿಗೆ ಬರುವ ತೂಕ ಬೇರೆಯವರು ಆಡಿದರೆ ಬರುವುದಿಲ್ಲ.

ಉತ್ತರ: ಕಲ್ಸಂಕ

ಒಂದು ಸಣ್ಣ ಸೇರ್ಪಡೆ. ಅಸ್ಪೃಶ್ಯತೆಯನ್ನು ಸಂವಿಧಾನ 1950ರಲ್ಲೇ ನಿಷೇಧಿಸಿದರೂ ತಲೆಯ ಮೇಲೆ ಮಲ ಹೊರುವ ಕೆಲಸ ದೇಶದಲ್ಲೆಲ್ಲ ನಡೆದೇ ಇತ್ತು. 1968ರಲ್ಲಿ ಉಡುಪಿ ಪುರಸಭೆಯ ಅಧ್ಯಕ್ಷರಾದ ಡಾ. ವಿ.ಎಸ್. ಆಚಾರ್ಯ ಅವರ ಆಡಳಿತದಲ್ಲಿ ನಮ್ಮ ಊರು ಅದನ್ನು ನಿಲ್ಲಿಸಿತು. ಅದನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು ಮಾಡಿದ್ದು 1993ರಲ್ಲಿ. ಆಡಳಿತ ನಿರ್ಧರಿಸಬೇಕಾಗಿತ್ತು, ಮನೆಗಳವರೂ ತಮ್ಮ ಶೌಚಾಲಯವನ್ನು ಬದಲಿಸಿಕೊಳ್ಳಬೇಕಾಗಿತ್ತು. ಹೊಣೆ ಅಧಿಕಾರಿಯದೋ ಜನರದೋ ಎಂದು ಅಂದು ವಾದಿಸುತ್ತಾ ಕುಳಿತಿದ್ದರೆ ಹೊರುವವರು ಹೊರುತ್ತಲೇ ಇರುತ್ತಿದ್ದರು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಮಲ್ಪೆಯವರಲ್ಲಿ ಇನ್ನೊಂದು ಮಾತು ಕೇಳಬೇಕು. ದಂಡವನ್ನು ಹೆಚ್ಚಿಸಿದರೆ ತಾಂಡೇಲನ ಸಂಯಮ ತಾನಾಗಿ ಬರುವುದಿಲ್ಲವೇ?

ಉತ್ತರ: ಮಲ್ಪೆ ಬಂದರು

ದಂಡ ಬೇಕೇ ಬೇಕು, ಅದನ್ನು ನಾನು ಬೇಡವೆನ್ನುವುದಿಲ್ಲ. ಅದಿಲ್ಲದಿದ್ದರೆ ನಿಯಮ ಪಾಲಿಸುವವನು ಸೋತಂತಾಗುತ್ತದೆ. ಆದರೆ ದಂಡ ಹಾಕಬೇಕಾದರೆ ಯಾರಾದರೂ ಕಂಡು ಹೇಳಬೇಕು, ಮತ್ತು ಕಾಣುವುದು ಪಕ್ಕದಲ್ಲಿ ಬಲೆ ಬಿಟ್ಟ ಬೋಟಿನವರು ಮಾತ್ರ. ಆ ಬೋಟು ಭಾವನದೋ ಸೋದರಮಾವನದೋ ಆಗಿರುತ್ತದೆ, ಸಾಲ ಮಾಡಿ ಡೀಸೆಲ್ ತುಂಬಿಸಿರುತ್ತಾರೆ, ನಾಳೆ ಬೆಳಿಗ್ಗೆ ಬಂದರಿನಲ್ಲಿ ಅವರ ಮುಖ ನೋಡಬೇಕು. ಬೇರೆ ರಾಜ್ಯದ ಬೋಟು ತಪ್ಪು ಮಾಡಿದಾಗ ನಾವೆಲ್ಲ ಒಟ್ಟಾಗಿ ದೂರು ಕೊಡುತ್ತೇವೆ. ನಮ್ಮದೇ ಬೋಟಿನ ಮೇಲೆ ಸಂಘದ ಸಭೆಯಲ್ಲಿ ಎದ್ದು ಮಾತನಾಡುವವರು ಕೆಲವೇ ಮಂದಿ. ನಿಮ್ಮ ವಿದ್ಯಾರ್ಥಿಗಳನ್ನು ಒಮ್ಮೆ ಇಲ್ಲಿಗೆ ಕರೆದುಕೊಂಡು ಬನ್ನಿ, ಅಂಥವರೊಂದಿಗೆ ಮಾತನಾಡಿಸುತ್ತೇನೆ.