ಹ್ಯಾಂಕ್ ವಿಲಿಯಮ್ಸ್ ಹಾಡೆಲ್ಲಾ ಒಂದೇ ಥರ ಕೇಳ್ತವಲ್ಲ, ನಂಗೊಬ್ನಿಗೇನಾ?

ಪೀಬಿರೋಡ್:
ದಾವಣಗೆರೆ ಕಡೆ ಹಾಂಕಿ ಟಾಂಕ್ (ಅಮೆರಿಕದ ಬಾರ್‌ಗಳಲ್ಲಿ ಬೆಳೆದ ಕಂಟ್ರಿ ಹಾಡು, ಅಂದ್ರೆ ಅಲ್ಲಿನ ಹಳ್ಳಿ ಸೊಗಡಿನ ಹಾಡು) ಕೇಳೋರು ಯಾರಾದ್ರೂ ಇದೀರಾ? ನಂಗೆ ಸಂಗೀತ ಗಿಂಗೀತ ಗೊತ್ತಿಲ್ಲ, ರಾತ್ರಿ ಅಂಗಡಿ ಲೆಕ್ಕ ಬರಿಯೋವಾಗ ಏನಾದ್ರೂ ಹಾಡ್ತಿರ್ಬೇಕು ಅಷ್ಟೆ. ಫ್ರೆಂಡ್ ಹೇಳ್ದ ಅಂತ ಆ ಥರ ಹಾಡ್ತಿದ್ದ ಹ್ಯಾಂಕ್ ವಿಲಿಯಮ್ಸ್ '40 ಗ್ರೇಟೆಸ್ಟ್ ಹಿಟ್ಸ್' ಹಾಕ್ದೆ. ಮೊದಲ ನಾಕೈದು ಬಾಳ ಹಿಡಿಸಿದ್ವು, ಆಮೇಲೆ ಎಲ್ಲಾ ಕಲಸುಮೇಲೋಗರ, ಅದೇ ಮೂಗಿನ ದನಿ, ಅದೇ ಬಿಟ್ಟೋದ ಹುಡುಗಿ, ಹಿಂದೆ ಏನೋ ಒಂದು ವಾದ್ಯ ಅಳ್ತಾನೇ ಇರುತ್ತೆ, ಅದು ವಯಲಿನ್ನಾ? ಪೂರ್ತಿ ಕೇಳ್ಲೋ ಬಿಡ್ಲೋ?

ಆರ್ಕೆಸ್ಟ್ರಾಹುಚ್ಚ:
ವಯಲಿನ್ನೂ ಐತೆ ಗುರು, ಆದ್ರೆ ಆ ಅಳೋದು ಸ್ಟೀಲ್ ಗಿಟಾರ್. ಅದ್ರಲ್ಲಿ ತಂತಿನ ಬೆರಳಲ್ಲಿ ಒತ್ತಲ್ಲ, ಮೇಲೆ ಉಕ್ಕಿನ ತುಂಡು ಇಟ್ಟು ಜಾರಿಸ್ತಾರೆ, ಅದಕ್ಕೇ ಸ್ವರ ಮೀಂಡ್ ಎಳೆದಂಗೆ, ಅಂದ್ರೆ ಒಂದರಿಂದ ಇನ್ನೊಂದಕ್ಕೆ ಜಾರಿದಂಗೆ ಬರೋದು. ಹವಾಯಿಯಿಂದ ಬಂದಿದ್ದು, ನಮ್ಮ ಹಳೇ ಹಿಂದಿ ಸಿನಿಮಾ ಹಾಡಲ್ಲೂ ಸಿಗುತ್ತೆ. ಹ್ಯಾಂಕ್ ಜೊತೆ ನುಡಿಸ್ತಿದ್ದೋರು ಡಾನ್ ಹೆಲ್ಮ್ಸ್. ಇನ್ನೊಂದು, ಹೆಡ್‌ಫೋನ್ ಹಾಕ್ಕೊಂಡು ತಾಳ ಎಲ್ಲಿಂದ ಬರ್ತೈತೆ ನೋಡು, ಹೆಚ್ಚಿನ ಹಾಡಿಗೆ ಡ್ರಮ್ಮೇ ಇಲ್ಲ! ಗಿಟಾರ್ ತಂತಿ ಅಮುಕಿ ಹಿಡಿದು ಚಕ್ ಚಕ್ ಅನ್ಸೋದು, ಕೆಳಗೆ ದಪ್ಪ ದನಿಯ ಬಾಸ್ ವಾದ್ಯ, ಅಷ್ಟರಲ್ಲೇ ಕಾಲು ಕುಣಿಯುತ್ತೆ.

ದುರ್ಗದಕಲ್ಲು:
ನಲವತ್ತು ಮಿರ್ಚಿ ಒಟ್ಟಿಗೆ ತಿಂದ್ರೆ ರುಚಿ ಎಲ್ಲಿ ಗೊತ್ತಾಗುತ್ತೆ ಸ್ವಾಮಿ 😀 ಅದು 1978ರಲ್ಲಿ ಕಂಪನಿಯೋರು ಒಟ್ಟು ಹಾಕಿದ ಸೆಟ್ಟು, ಆತ ತೀರ್ಕೊಂಡಿದ್ದು 1953 ಜನವರಿ 1, ಬರೀ 29 ವಯಸ್ಸು, ಪ್ರೋಗ್ರಾಮಿಗೆ ಹೋಗ್ತಾ ಕಾರಿನ ಹಿಂದಿನ ಸೀಟಲ್ಲೇ. ಆಗ ಇವೆಲ್ಲ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗೋ) ಪ್ಲೇಟು, ಒಂದು ಮಗ್ಗಲಿಗೆ ಒಂದೇ ಹಾಡು. ಬಾರಲ್ಲಿ ಜ್ಯೂಕ್‌ಬಾಕ್ಸಿಗೆ ಕಾಸು ಹಾಕಿ ತಮಗೆ ಬೇಕಾದ್ದೊಂದು ಕೇಳ್ತಿದ್ರು, ಆ ಗದ್ದಲದಲ್ಲಿ ಕಿವಿಗೆ ಬೀಳ್ಬೇಕಲ್ಲ ಅಂತಾನೇ ಕರೆಂಟ್ ಗಿಟಾರ್ ಹಿಡಿದಿದ್ದು. ಅದಕ್ಕೇ ದಿನಕ್ಕೆ ಎರಡೋ ಮೂರೋ ಹಾಕ್ರಿ ಸಾಕು. 1949ರ 'ಲವ್‌ಸಿಕ್ ಬ್ಲೂಸ್' ಮೊದಲು, ದನಿ ಪಟ್ ಅಂತ ಮುರಿದು ಮೇಲಕ್ಕೆ ಹಾರುತ್ತಲ್ಲ, ಅದನ್ನ ಕೇಳ್ರಿ. ಅದು ಆತ ಬರೆದಿದ್ದಲ್ಲ, ಆದ್ರೂ ಆತನ್ನ ಸ್ಟಾರ್ ಮಾಡಿದ್ದು ಅದೇ.

ವಿದ್ಯಾನಗರದಕ್ಕ:
ಬಿಟ್ಟೋದ ಹುಡುಗಿ ವಿಷಯಕ್ಕೆ ಒಂದು ಮಾತು. ಗಂಡಸ್ರು ಕುಡ್ಕೊಂಡು ಹೆಂಗಸ್ರನ್ನೇ ಬೈತಾರಲ್ಲ ಅಂತ ಬೇಜಾರಾದ್ರೆ ಕಿಟಿ ವೆಲ್ಸ್ ಹಾಕ್ರಿ. 1952ರಲ್ಲಿ ಹ್ಯಾಂಕ್ ಥಾಂಪ್ಸನ್ ಅಂತ (ಇವ್ನು ಬೇರೆ ಹ್ಯಾಂಕ್) ಒಬ್ನು ಹಾಡಿದ್ದಕ್ಕೆ ಆಯಮ್ಮ ತಿರುಗಿಸಿ ಕೊಟ್ಟ ಹಾಡು, ಹೆಂಗಸ್ರು ಕೆಟ್ಟಿದ್ರೆ ಅದಕ್ಕೆ ಗಂಡಸ್ರೂ ಕಾರಣ ಅಂತ. ಕೆಲವು ರೇಡಿಯೋದೋರು ಹಾಕಕ್ಕೇ ಒಪ್ಲಿಲ್ಲ, ಆದ್ರೂ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಹಾಡಿನ ಪಟ್ಟೀಲಿ ನಂಬರ್ 1ಕ್ಕೆ ಹೋಯ್ತು, ಒಬ್ಬಳೇ ಹಾಡಿದ ಹೆಣ್ಮಗಳಿಗೆ ಅದೇ ಮೊದಲು. ನನ್ ಪ್ರಕಾರ ಹ್ಯಾಂಕಿಗಿಂತ ಇದೇ ವಾಸಿ, ಬೈಯೋರು ಬೈಕೊಳ್ಳಿ.

ಪೀಬಿರೋಡ್:
ಅಕ್ಕಾ ಇವತ್ತೇ ಹಾಕ್ತೀನಿ. ಗುರು, ಆ ಚಕ್ ಚಕ್ ಈಗ ಕೇಳಿಸ್ತು, ಕೇಳಿಸಿದ್ಮೇಲೆ ಬೇರೇನೂ ಕೇಳಿಸ್ತಿಲ್ಲ ಮಾರಾಯ, ಲೆಕ್ಕ ಬೇರೆ ತಪ್ತಾ ಐತೆ. ಅಂದಂಗೆ ನಮ್ ಕಡೆ ಆರ್ಕೆಸ್ಟ್ರಾದಲ್ಲಿ ಸ್ಟೀಲ್ ಗಿಟಾರ್ ನುಡಿಸೋರು ಈಗ್ಲೂ ಯಾರಾದ್ರೂ ಇದಾರಾ?