ಮಾರ್ಚ್‌ನಲ್ಲಿ ಲೇಕ್ ಫೋರ್ಕ್: ಎಲ್ಲಿ ಉಳಿಯುವುದು, ಗೂಡು ಕಾಯುವ ಬ್ಯಾಸ್‌ಗೆ ಗಾಳ ಹಾಕುವುದು ಸರಿಯೇ?

ತೀರ್ಥಹಳ್ಳಿಯವ:

ಎಲ್ಲರಿಗೂ ನಮಸ್ಕಾರ. ನಾನು ಡಲ್ಲಾಸ್‌ನ ಉತ್ತರದ ಉಪನಗರವೊಂದರಲ್ಲಿ ಎಂಟು ವರ್ಷಗಳಿಂದ ಇದ್ದೇನೆ. ಎರಡು ವರ್ಷಗಳಿಂದ ಬ್ಯಾಸ್ ಮೀನಿನ ಹುಚ್ಚು ಹಿಡಿದಿದೆ. ಆದರೆ ಇದುವರೆಗಿನ ನನ್ನ ಅನುಭವವೆಲ್ಲ ಮನೆಯ ಹತ್ತಿರದ ಕೊಳಗಳಲ್ಲಿ ದಡದ ಮೇಲೆ ನಿಂತು ಗಾಳ ಹಾಕಿದ್ದಷ್ಟೇ. ಬರುವ ಮಾರ್ಚ್ ಮಧ್ಯದಲ್ಲಿ, ಮಗನ ಶಾಲೆಗೆ ರಜೆ ಇರುವ ವಾರ, ಮೂರು ದಿನದ ಮಟ್ಟಿಗೆ ಪೂರ್ವ ಟೆಕ್ಸಾಸ್‌ನ ಲೇಕ್ ಫೋರ್ಕ್ ಕೆರೆಗೆ ಹೋಗಬೇಕೆಂದಿದ್ದೇನೆ. ಜೊತೆಗೆ ಹತ್ತು ವರ್ಷದ ಮಗ ಮತ್ತು ಊರಿನಿಂದ ಬಂದಿರುವ ಅಪ್ಪ ಇರುತ್ತಾರೆ. ಅಪ್ಪನಿಗೆ 71 ವರ್ಷ. ತುಂಗೆಯಲ್ಲಿ ಗಾಳ ಹಾಕಿಯೇ ಬೆಳೆದವರು.

ಮೊದಲನೆಯದಾಗಿ, ಕೆರೆಯ ದಡದ ಕ್ಯಾಬಿನ್ ಹಿಡಿಯುವುದು ಒಳ್ಳೆಯದೇ ಅಥವಾ ಹತ್ತಿರದ ಊರಿನ ಮೋಟೆಲ್ ಸಾಕೇ? ಅಪ್ಪನಿಗೆ ಎರಡು ಹೊತ್ತು ಅನ್ನ ಸಾರು ಬೇಕೇ ಬೇಕು. ಎರಡನೆಯದಾಗಿ, ನಮ್ಮಲ್ಲಿ ದೋಣಿ ಇಲ್ಲ. ಗೈಡ್ ಒಬ್ಬರನ್ನು ಗೊತ್ತುಮಾಡಿಕೊಳ್ಳಬೇಕೇ?

ಮೂರನೆಯ ಪ್ರಶ್ನೆ ಅಪ್ಪನಿಂದ ಬಂದದ್ದು. ಮಾರ್ಚ್‌ನಲ್ಲಿ ಬ್ಯಾಸ್ ದಡದ ಹತ್ತಿರ ಬಂದು ಗೂಡು ಮಾಡಿ ಮೊಟ್ಟೆ ಇಡುತ್ತದೆ, ದೊಡ್ಡ ಮೀನು ಸಿಗುವುದಕ್ಕೆ ಅದೇ ಸರಿಯಾದ ಕಾಲ ಎಂದು ನಾನು ಉತ್ಸಾಹದಿಂದ ವಿವರಿಸಿದಾಗ, ಅವರು ಪೂರ್ತಿ ಕೇಳಿಸಿಕೊಂಡು, "ಹಾಗಾದರೆ ಇದು ನಮ್ಮ ಹತ್ತುಮೀನು ಕಡಿಯುವ ಲೆಕ್ಕವೇ ಆಯಿತಲ್ಲ" ಎಂದರು. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆ ಇಡಲು ಏರಿ ಬರುವ ಮೀನನ್ನು ರಾತ್ರಿ ಬ್ಯಾಟರಿ ಬೆಳಕಿನಲ್ಲಿ ಕತ್ತಿಯಿಂದ ಕಡಿಯುತ್ತಿದ್ದರು. ಅಪ್ಪನೂ ಹರೆಯದಲ್ಲಿ ಕಡಿದವರೇ. ಆಮೇಲೆ ಒಂದು ವರ್ಷ ತಾವಾಗಿಯೇ ಬಿಟ್ಟರು. ಹಿಡಿದ ಬ್ಯಾಸ್ ಅನ್ನು ವಾಪಸ್ಸು ನೀರಿಗೆ ಬಿಡುತ್ತೇವೆ ಎಂದು ನಾನು ಹೇಳಿದ್ದು ಅವರಿಗೆ ಅಷ್ಟಾಗಿ ಸಮಾಧಾನ ಕೊಟ್ಟಂತೆ ಕಾಣಲಿಲ್ಲ. ಬಲ್ಲವರು ಏನನ್ನುತ್ತೀರಿ?

ಹಿನ್ನೀರು:

ತೀರ್ಥಹಳ್ಳಿಯವರೇ, ನಿಮ್ಮ ತಂದೆಯವರು ಆ ಕೆರೆಯನ್ನು ನೋಡಿದ ಕೂಡಲೇ ಶರಾವತಿ ಹಿನ್ನೀರನ್ನು ನೆನೆಯುತ್ತಾರೆ ಎಂದು ಪಣ ಕಟ್ಟಬಲ್ಲೆ. 1980ರಲ್ಲಿ ಅಣೆಕಟ್ಟಿನ ಹಿಂದೆ ನೀರು ನಿಲ್ಲಿಸಿದಾಗ ಕಾಡನ್ನು ಬಹುಮಟ್ಟಿಗೆ ಹಾಗೆಯೇ ಬಿಟ್ಟಿದ್ದರಿಂದ, ಸುಮಾರು 27,000 ಎಕರೆಯ ಆ ನೀರಿನಲ್ಲಿ ಎಲ್ಲಿ ನೋಡಿದರೂ ಒಣಗಿದ ಮರದ ಬೊಡ್ಡೆಗಳು ಎದ್ದು ನಿಂತಿವೆ. ಕಾಣುವ ಬೊಡ್ಡೆಗಿಂತ ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗಿರುವ ಬೊಡ್ಡೆಯೇ ಅಪಾಯಕಾರಿ. ದೋಣಿಗಳಿಗೆಂದು ಗುರುತು ಹಾಕಿದ ದಾರಿಗಳಿವೆ. ಅವನ್ನು ಬಿಟ್ಟು ವೇಗವಾಗಿ ಹೋಗಿ ಮೋಟರಿನ ಕೆಳಭಾಗ ಮುರಿದುಕೊಂಡವರನ್ನು ನಾನೇ ಎರಡು ಸಲ ಎಳೆದು ದಡ ಸೇರಿಸಿದ್ದೇನೆ. ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಸುಲಭ: ಬಾಡಿಗೆ ದೋಣಿ ತೆಗೆದುಕೊಂಡು ನೀವೇ ನಡೆಸುವ ಸಾಹಸ ಬೇಡ, ಮೊದಲ ದಿನ ಅರ್ಧ ದಿನದ ಮಟ್ಟಿಗೆ ಗೈಡ್ ಇರಲಿ. ಅವರಿಗೆ ರಾಜ್ಯದ ಗೈಡ್ ಪರವಾನಗಿ ಇದೆಯೇ, ಹತ್ತು ವರ್ಷದ ಹುಡುಗನೊಂದಿಗೆ ತಾಳ್ಮೆಯಿಂದ ಇರುತ್ತಾರೆಯೇ ಎಂದು ಮೊದಲೇ ಕೇಳಿ. ಹದಿಮೂರು ತುಂಬದ ಮಕ್ಕಳು ಇಂಥ ದೋಣಿ ಸಾಗುತ್ತಿರುವಾಗ ಲೈಫ್ ಜಾಕೆಟ್ ಹಾಕಿಕೊಂಡೇ ಇರಬೇಕೆಂಬುದು ಟೆಕ್ಸಾಸ್ ಕಾನೂನು. ಗೈಡ್ ಬಳಿ ಮಗನ ಅಳತೆಯದು ಇರುತ್ತದೆ ಎಂದು ನಂಬಿಕೊಂಡು ಹೋಗದೆ ನಿಮ್ಮದನ್ನೇ ಒಯ್ಯಿರಿ.

ವಸತಿಯ ಬಗ್ಗೆ ಒಂದು ಕತೆ ಹೇಳಬೇಕು. ಹನ್ನೊಂದು ವರ್ಷಗಳ ಹಿಂದೆ ನಾವು ನಾಲ್ಕು ಜನ ಗೆಳೆಯರು ದಡದ ಕ್ಯಾಬಿನ್ ಒಂದನ್ನು ಮುಂಗಡ ಹಣ ಕೊಟ್ಟು ಕಾಯ್ದಿರಿಸಿದ್ದೆವು. ನೀರಿನ ಅಂಚಿನಲ್ಲೇ ಇದೆ, ದೋಣಿ ಕಟ್ಟಲು ಸ್ವಂತ ಕಟ್ಟೆ ಇದೆ ಎಂದು ಜಾಹೀರಾತಿನಲ್ಲಿತ್ತು. ಹೋಗಿ ನೋಡಿದರೆ ಆ ವರ್ಷ ನೀರು ಇಳಿದು, ಕಟ್ಟೆಯ ಕಂಬಗಳು ಬುಡದವರೆಗೂ ಕಾಣುತ್ತ ಕೆಸರಿನಲ್ಲಿ ನಿಂತಿದ್ದವು. ಫೋಟೊದಲ್ಲಿದ್ದ ನೀರು ಅಲ್ಲಿಂದ ಐವತ್ತು ಹೆಜ್ಜೆ ದೂರದಲ್ಲಿತ್ತು. ಅದಾದರೂ ಹೋಗಲಿ, ದೋಣಿಯ ಬ್ಯಾಟರಿಗಳನ್ನು ರಾತ್ರಿ ಚಾರ್ಜ್ ಮಾಡಲು ಹೊರಗೆಲ್ಲೂ ವಿದ್ಯುತ್ ಪ್ಲಗ್ ಇರಲಿಲ್ಲ. ಬಚ್ಚಲುಮನೆಯ ಕನ್ನಡಿಯ ಪಕ್ಕದ ಪ್ಲಗ್‌ನಿಂದ ಕಿಟಕಿಯ ಮೂಲಕ ತಂತಿ ಎಳೆದೆವು. ಕಿಟಕಿ ಮುಚ್ಚಲಾಗದೆ ರಾತ್ರಿಯೆಲ್ಲ ಸೊಳ್ಳೆ. ನಡುರಾತ್ರಿ ಯಾರೋ ಬಚ್ಚಲಿಗೆ ಹೋದವರು ದೀಪ ಆರಿಸಿದಾಗ ಆ ಪ್ಲಗ್ಗೂ ಜೊತೆಗೇ ಆರಿತ್ತು. ಬೆಳಗಿನ ನಾಲ್ಕಕ್ಕೆ ಎದ್ದು ನೋಡಿದರೆ ಬ್ಯಾಟರಿ ಕಾಲುಭಾಗವೂ ತುಂಬಿರಲಿಲ್ಲ. ಆ ದಿನ ಮಧ್ಯಾಹ್ನದ ಹೊತ್ತಿಗೆ, ಗಾಳಿಗೆ ಎದುರಾಗಿ, ಇದ್ದ ಒಂದೇ ಹುಟ್ಟನ್ನು ಸರದಿಯಂತೆ ಹಾಕುತ್ತ ವಾಪಸ್ಸು ಬಂದೆವು. ಹಣ ಮರಳಿಸಿ ಎಂದು ಕೇಳಿದ್ದಕ್ಕೆ, ಮಳೆ ಬಾರದಿದ್ದರೆ ತಾವೇನು ಮಾಡಲು ಸಾಧ್ಯ ಎಂಬ ಉತ್ತರ ಬಂತು.

ಹೀಗಿದ್ದರೂ ನಾನು ಹೇಳುವುದು ದಡದ ಕ್ಯಾಬಿನ್ ಎಂದೇ. ಕ್ವಿಟ್‌ಮನ್, ಎಮರಿ ಕಡೆಯ ಮೋಟೆಲ್‌ನಲ್ಲಿ ಉಳಿದರೆ ಮುಂಜಾನೆಯ ಮಬ್ಬಿನ ಅಮೂಲ್ಯ ಅರ್ಧ ಗಂಟೆ ರಸ್ತೆಯಲ್ಲೇ ಕಳೆದುಹೋಗುತ್ತದೆ, ಅಡುಗೆಮನೆಯೂ ಇರುವುದಿಲ್ಲ. ಕಾಯ್ದಿರಿಸುವ ಮೊದಲು ಫೋನ್ ಮಾಡಿ, ಈ ವಾರ ಕಟ್ಟೆಯ ಕೆಳಗೆ ಎಷ್ಟು ಅಡಿ ನೀರಿದೆ, ಒಲೆ ಇದೆಯೇ ಅಥವಾ ಬರೀ ಮೈಕ್ರೊವೇವ್ ಇದೆಯೇ, ಮೆಟ್ಟಿಲುಗಳು ಎಷ್ಟು ಎಂದು ಕೇಳಿ. ಮೆಟ್ಟಿಲಿನ ಮಾತು ನಿಮ್ಮ ತಂದೆಯವರಿಗಾಗಿ. ಕುಕ್ಕರ್ ಮಾತ್ರ ಮನೆಯಿಂದಲೇ ಒಯ್ಯಿರಿ.

ಪರವಾನಗಿಯನ್ನು ಮರೆಯಬೇಡಿ. ಹದಿನೇಳು ತುಂಬದ ಮಗನಿಗೆ ಬೇಕಾಗಿಲ್ಲ. ತಂದೆಯವರು ಪ್ರವಾಸಿಯಾದ್ದರಿಂದ ಅವರಿಗೆ ಹೊರಗಿನವರ ಪರವಾನಗಿ ಬೇಕು, ಒಂದು ದಿನದ್ದೂ ಸಿಗುತ್ತದೆ.

ಪ್ಲಾಸ್ಟಿಕ್ ಎರೆಹುಳು:

ಹಿನ್ನೀರು ಅವರು ವಸತಿಯ ಬಗ್ಗೆ ಎಲ್ಲವನ್ನೂ ಹೇಳಿದ್ದಾರೆ. ನಾನು ಮೂರನೆಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ನಾನು ಗೂಡಿನ ಮೇಲಿನ ಮೀನಿಗೆ ಗಾಳ ಹಾಕಿದವನು, ಮತ್ತು ಅದನ್ನು ಮುಚ್ಚಿಡುವವನಲ್ಲ.

ಮೊದಲು ಅಲ್ಲಿ ನಡೆಯುವುದೇನೆಂದು ನೋಡೋಣ. ನೀರಿನ ಉಷ್ಣತೆ 60ರಿಂದ 65 ಡಿಗ್ರಿ ಫ್ಯಾರನ್‌ಹೀಟ್‌ಗೆ ಬಂದಾಗ ಗಂಡು ಬ್ಯಾಸ್ ಆಳವಿಲ್ಲದ ಕಡೆ ಬಾಲದಿಂದ ಕೆಸರು ಗುಡಿಸಿ, ತಟ್ಟೆಯಂಥ ಗುಂಡಗಿನ ಜಾಗ ಮಾಡುತ್ತದೆ. ಹೆಣ್ಣು ಬಂದು ಮೊಟ್ಟೆ ಇಟ್ಟು ಹೊರಟುಹೋಗುತ್ತದೆ. ಮೊಟ್ಟೆಯನ್ನೂ ಮರಿಯನ್ನೂ ಕಾಯುವುದು ಗಂಡೇ. ಆ ದಿನಗಳಲ್ಲಿ ಗಂಡು ನಿಮ್ಮ ಎರೆಯನ್ನು ಕಚ್ಚುವುದು ಬಹುತೇಕ ಹಸಿವಿಗಲ್ಲ, ಗೂಡಿಗೆ ನುಗ್ಗಿದ್ದನ್ನು ಆಚೆ ಹಾಕುವುದಕ್ಕೆ. ನಾನು ಒಮ್ಮೆ ಎರಡು ಅಡಿ ನೀರಿನಲ್ಲಿ ಇದನ್ನು ಕಣ್ಣಾರೆ ನೋಡಿದೆ: ಬಿಳಿ ಪ್ಲಾಸ್ಟಿಕ್ ಹುಳುವನ್ನು ಗೂಡಿನ ನಡುವೆ ಇಳಿಸಿದೆ, ಮೀನು ತಲೆ ತಗ್ಗಿಸಿ ಅದನ್ನು ತುಟಿಯ ತುದಿಯಲ್ಲಿ ಹಿಡಿದು, ಒಂದು ಮಾರು ಆಚೆ ಒಯ್ದು ಉಗುಳಿ, ಮತ್ತೆ ಅದೇ ಜಾಗಕ್ಕೆ ಬಂದು ನಿಂತಿತು. ನಾಲ್ಕನೆಯ ಸಲಕ್ಕೆ ನಾನು ರಾಡ್ ಎಳೆದೆ. ಎರಡು ಪೌಂಡಿನ ಗಂಡು. ದೋಣಿಯಲ್ಲಿ ಅದರ ಬಾಯಿಂದ ಗಾಳ ಬಿಡಿಸುವಷ್ಟರಲ್ಲಿ ಐದಾರು ಬ್ಲೂಗಿಲ್ ಮೀನುಗಳು ಆ ಗೂಡಿಗೆ ಇಳಿದು ಮೊಟ್ಟೆಯನ್ನು ಹೆಕ್ಕಿ ತಿನ್ನುತ್ತಿದ್ದವು. ಬಿಟ್ಟ ಕೂಡಲೇ ಗಂಡು ನೇರವಾಗಿ ಹೋಗಿ ಅವನ್ನು ಓಡಿಸಿತು. ಅಂದಿನಿಂದ ನನ್ನ ನಿಯಮ ಇಷ್ಟು: ಗಂಡನ್ನು ಬಿಟ್ಟುಬಿಡುತ್ತೇನೆ, ದೊಡ್ಡ ಹೆಣ್ಣು ಕಂಡರೆ ಮಾತ್ರ ಪ್ರಯತ್ನಿಸಿ, ಫೋಟೊಕ್ಕೆಂದು ನೀರಿನಾಚೆ ಹೆಚ್ಚು ಹೊತ್ತು ಹಿಡಿಯದೆ, ಹಿಡಿದ ಜಾಗದಲ್ಲೇ ಬಿಡುತ್ತೇನೆ. ಭಾರದ ಮೀನನ್ನು ಕೆಳದವಡೆಯಿಂದ ನೇತುಹಾಕಬೇಡಿ, ಇನ್ನೊಂದು ಒದ್ದೆ ಕೈ ಹೊಟ್ಟೆಯ ಕೆಳಗಿರಲಿ.

ಕಾನೂನಿನ ದೃಷ್ಟಿಯಿಂದ ಇದಕ್ಕೆ ಅಡ್ಡಿಯಿಲ್ಲ. ಲೇಕ್ ಫೋರ್ಕ್‌ನ ವಿಶೇಷ ನಿಯಮ ಬೇರೆ: 16ರಿಂದ 24 ಇಂಚಿನ ನಡುವಿನ ಬ್ಯಾಸ್ ಸಿಕ್ಕಿದರೆ ಕೂಡಲೇ ಬಿಡಬೇಕು, ದಿನಕ್ಕೆ ಐದು ಮೀನು ಇಟ್ಟುಕೊಳ್ಳಬಹುದು, ಅದರಲ್ಲಿ 24 ಇಂಚು ದಾಟಿದ್ದು ಒಂದೇ. ಚಿಕ್ಕವು ಕಡಿಮೆಯಾಗಿ ನಡುಗಾತ್ರದವು ಮೇವಿಗೆ ಹೊಡೆದಾಡದೆ ಬೆಳೆಯಲಿ ಎಂಬುದು ಇದರ ಲೆಕ್ಕಾಚಾರ. ಕೆರೆ ತುಂಬುವ ಮೊದಲೇ ಅಲ್ಲಿನ ಹೊಂಡಗಳಲ್ಲಿ ಫ್ಲಾರಿಡಾ ತಳಿಯ ಬ್ಯಾಸ್ ಬಿಟ್ಟಿದ್ದರು. ಆ ತಳಿ ಮತ್ತು ಈ ನಿಯಮ ಎರಡೂ ಸೇರಿ ಅಲ್ಲಿ ದೈತ್ಯ ಮೀನುಗಳಾದವು. 1986ರಲ್ಲಿ ಮಾರ್ಕ್ ಸ್ಟೀವನ್‌ಸನ್ ಎಂಬ ಗೈಡ್ ಹಿಡಿದ 17.67 ಪೌಂಡಿನ ಹೆಣ್ಣುಮೀನಿನಿಂದಲೇ ರಾಜ್ಯದ ಶೇರ್‌ಲಂಕರ್ ಯೋಜನೆ ಶುರುವಾಯಿತು. ಈಗಲೂ ಜನವರಿಯಿಂದ ಮಾರ್ಚ್‌ವರೆಗೆ 13 ಪೌಂಡ್ ಮೀರಿದ ಮೀನು ಸಿಕ್ಕಿದವರು ಅದನ್ನು ಇಲಾಖೆಗೆ ಎರವಲು ಕೊಟ್ಟರೆ, ಅದರಿಂದ ಮರಿ ಮಾಡಿಸಿ ಕೆರೆಗಳಿಗೆ ಬಿಡುತ್ತಾರೆ.

ರಾಜ್ಯದ ದಾಖಲೆಯ ಕತೆ ಕೇಳಿದರೆ ನಮ್ಮಂಥ ಪಂಡಿತರಿಗೆ ನಾಚಿಕೆಯಾಗಬೇಕು. 1992ರ ಜನವರಿಯಲ್ಲಿ ಇದೇ ಕೆರೆಯಲ್ಲಿ ಬ್ಯಾರಿ ಸೇಂಟ್ ಕ್ಲೇರ್ ಎಂಬವರು 18.18 ಪೌಂಡಿನ, ಅಂದರೆ ಎಂಟು ಕೆಜಿ ಮೀರಿದ ಬ್ಯಾಸ್ ಹಿಡಿದಾಗ ಅವರು ಬ್ಯಾಸ್‌ಗೆ ಗಾಳ ಹಾಕಿರಲೇ ಇಲ್ಲ. ಜೀವಂತ ಪುಟ್ಟ ಮೀನನ್ನು ಎರೆಯಾಗಿ ಸಿಕ್ಕಿಸಿ ಕ್ರಾಪಿ ಮೀನಿಗಾಗಿ ಕುಳಿತಿದ್ದರು. ಮೂವತ್ತು ವರ್ಷ ಕಳೆದರೂ ಅದನ್ನು ಯಾರೂ ಮುರಿದಿಲ್ಲ. ಈಗ ದೋಣಿಯ ಮುಂದೆ ಈಜುವ ಮೀನನ್ನು ಪರದೆಯ ಮೇಲೆ ಆಗಿಂದಾಗಲೇ ತೋರಿಸುವ ಸೋನಾರ್ ಬಂದಿದೆ. ಗೂಡಿನ ಮೀನಿಗೆ ಗಾಳ ಹಾಕುವುದನ್ನು ಜರೆಯುವ ಕೆಲವರು ಇಡೀ ದಿನ ಆ ಪರದೆಯ ಮುಂದೆ ತಲೆ ಬಗ್ಗಿಸಿ ನಿಂತಿರುತ್ತಾರೆ. ನನ್ನ ಕಣ್ಣಿಗೆ ಎರಡರ ನಡುವೆ ಅಂಥ ಅಂತರ ಕಾಣುವುದಿಲ್ಲ.

ನಿಮ್ಮ ತಂದೆಯವರ ಹೋಲಿಕೆ ಮಾತ್ರ ಸಂಪೂರ್ಣ ಸರಿಯಲ್ಲ ಎನ್ನಿಸುತ್ತದೆ. ಹತ್ತುಮೀನು ಕಡಿದರೆ ಮೀನೂ ಹೋಯಿತು, ಮೊಟ್ಟೆಯೂ ಹೋಯಿತು. ಇಲ್ಲಿ ಮೀನು ವಾಪಸ್ಸು ಹೋಗುತ್ತದೆ.

ಬೀವಾ ಕಡೆಯಿಂದ:

ವಾಪಸ್ಸು ಬಿಡುವುದೇ ಪುಣ್ಯ ಎಂಬಂತೆ ಮಾತು ಸಾಗುತ್ತಿರುವುದರಿಂದ ಒಂದು ವಿಷಯ ಸೇರಿಸುತ್ತೇನೆ. ನಾನು ಕೆಲಸದ ನಿಮಿತ್ತ ಜಪಾನಿನ ಶಿಗಾ ಪ್ರಾಂತ್ಯದಲ್ಲಿ ನಾಲ್ಕು ವರ್ಷ ಇದ್ದೆ. ಅಲ್ಲಿನ ಬೀವಾ ಸರೋವರದಲ್ಲಿ 2009ರಲ್ಲಿ ಮನಾಬು ಕುರಿತಾ ಎಂಬವರು ಹಿಡಿದ ಬ್ಯಾಸ್, 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಹಿಡಿದ 22 ಪೌಂಡ್ 4 ಔನ್ಸ್‌ನ ವಿಶ್ವದಾಖಲೆಗೆ ಸಮವಾಯಿತು. ತೂಕದಲ್ಲಿ ಕೂದಲೆಳೆಯಷ್ಟು ಹೆಚ್ಚಿದ್ದರೂ, ಹಳೆಯ ದಾಖಲೆಯನ್ನು ಮುರಿಯಲು ಎರಡು ಔನ್ಸ್ ಹೆಚ್ಚಿರಬೇಕೆಂಬ ನಿಯಮದಿಂದಾಗಿ ಇಬ್ಬರ ಹೆಸರೂ ಉಳಿಯಿತು. ಆದರೆ ಆ ಸರೋವರದಲ್ಲಿ ಬ್ಯಾಸ್ ಹೊರಗಿನಿಂದ ಬಂದ ಮೀನು. ಸ್ಥಳೀಯ ಮೀನುಗಳನ್ನು ತಿಂದು ಮುಗಿಸುತ್ತದೆಂದು, ಹಿಡಿದದ್ದನ್ನು ಮತ್ತೆ ನೀರಿಗೆ ಬಿಡುವುದನ್ನೇ ಪ್ರಾಂತ್ಯದ ಆಡಳಿತ ನಿಷೇಧಿಸಿದೆ. ದಡದಲ್ಲಿ ಹಿಡಿದ ಬ್ಯಾಸ್ ಹಾಕಲೆಂದೇ ದೊಡ್ಡ ಪೆಟ್ಟಿಗೆಗಳನ್ನು ಇಟ್ಟಿರುತ್ತಾರೆ. ನಾನು ಮೊದಲ ಸಲ ಅಂಥ ಪೆಟ್ಟಿಗೆಯ ಮುಚ್ಚಳ ಎತ್ತಿ ಮೀನು ಹಾಕುವಾಗ ಕೈ ಹಿಂದೆ ಬಂತು. ಚಿಕ್ಕಂದಿನಲ್ಲಿ ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿದ ಕೈ ಅದು.

ಆದ್ದರಿಂದ ಬಿಡುವುದೋ ಇಟ್ಟುಕೊಳ್ಳುವುದೋ ಎಂಬುದನ್ನು ಆಯಾ ನೀರು ತೀರ್ಮಾನಿಸಬೇಕು. ಲೇಕ್ ಫೋರ್ಕ್‌ನಲ್ಲಿ 16 ಇಂಚಿಗಿಂತ ಚಿಕ್ಕದನ್ನು ಇಟ್ಟುಕೊಂಡು ಸಾರು ಮಾಡಿದರೆ ಆ ಕೆರೆಯ ನಿಯಮದ ಆಶಯಕ್ಕೆ ಹೊಂದುವ ಕೆಲಸವನ್ನೇ ಮಾಡಿದಂತಾಗುತ್ತದೆ. ನಿಮ್ಮ ತಂದೆಯವರು ಮೀನು ಹಿಡಿದು ಬಿಡುವುದನ್ನು ಒಪ್ಪದಿದ್ದರೆ, ಒಂದೆರಡು ಚಿಕ್ಕ ಮೀನನ್ನು ಅವರ ಕೈಗೆ ಕೊಟ್ಟುಬಿಡಿ.

ಹಿನ್ನೀರು:

ಬೀವಾದವರ ಮಾತಿಗೆ ನನ್ನ ಸಹಮತವಿದೆ. ಇನ್ನೊಂದು ಸಲಹೆ ಬಿಟ್ಟುಹೋಗಿತ್ತು. ಮಾರ್ಚ್‌ನಲ್ಲಿ ಪೂರ್ವ ಟೆಕ್ಸಾಸ್‌ನ ಗಾಳಿ, ಗುಡುಗನ್ನು ನಂಬುವಂತಿಲ್ಲ. ಮೂರರಲ್ಲಿ ಒಂದು ದಿನ ದೋಣಿ ಇಳಿಸಲಾಗದೆ ಹೋಗಬಹುದು. ಆ ದಿನಕ್ಕೆ ಏಥೆನ್ಸ್ ಊರಿನಲ್ಲಿರುವ ರಾಜ್ಯದ ಸಿಹಿನೀರಿನ ಮೀನುಗಾರಿಕೆ ಕೇಂದ್ರವನ್ನು ಇಟ್ಟುಕೊಳ್ಳಿ. ಶೇರ್‌ಲಂಕರ್ ಮೀನುಗಳನ್ನು ಸಾಕುವುದು ಅಲ್ಲಿಯೇ. ಮತ್ಸ್ಯಾಲಯವಿದೆ, ಮಕ್ಕಳು ಗಾಳ ಹಾಕಲೆಂದು ಕೊಳವೂ ಇದೆ.

ತೀರ್ಥಹಳ್ಳಿಯವ:

ಎಲ್ಲರಿಗೂ ಧನ್ಯವಾದಗಳು. ಕ್ಯಾಬಿನ್ ಒಂದನ್ನು ಗೊತ್ತುಮಾಡಿದೆ. ಫೋನಿನಲ್ಲಿ ಕಟ್ಟೆಯ ಕೆಳಗಿನ ನೀರಿನ ಆಳ ಕೇಳಿದಾಗ ಆ ಕಡೆಯ ಹೆಂಗಸು ನಕ್ಕು, ಕೋಲು ಇಳಿಸಿ ಅಳೆದು, ನಾಲ್ಕು ಅಡಿ ಎಂದರು. ಒಲೆ ಇದೆ. ಆರು ಮೆಟ್ಟಿಲುಗಳಿವೆ. ಗೈಡ್ ಮೊದಲ ದಿನ ಬೆಳಗ್ಗೆ ಬರುತ್ತಾರೆ. ಗೂಡುಗಳ ಕಡೆಗೆ ಹೋಗದೆ, ಅವುಗಳ ಆಚೆಯ ಸ್ವಲ್ಪ ಆಳದ ಬೊಡ್ಡೆಗಳ ನಡುವೆ ಹಾಕಿಸಿ ಎಂದು ಕೇಳಿಕೊಂಡಿದ್ದೇನೆ.

ನಿಮ್ಮ ಉತ್ತರಗಳನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಬ್ಲೂಗಿಲ್ ಮೊಟ್ಟೆ ತಿಂದ ಭಾಗವನ್ನು ಎರಡು ಸಲ ಓದಿಸಿಕೊಂಡರು, ಆದರೆ ಏನೂ ಹೇಳಲಿಲ್ಲ. ಈಗ ಗ್ಯಾರೇಜಿನಲ್ಲಿ ಕುಳಿತು ಪ್ಲಾಸ್ಟಿಕ್ ಹುಳುವಿನೊಳಗೆ ಗಾಳದ ಮೊನೆಯನ್ನು ಮುಚ್ಚಿ ಸಿಕ್ಕಿಸುವುದನ್ನು ಮೊಮ್ಮಗನಿಂದ ಕಲಿಯುತ್ತಿದ್ದಾರೆ. ಮೊನೆ ಹೊರಗಿಲ್ಲದಿದ್ದರೆ ಬೊಡ್ಡೆಗೆ ಸಿಕ್ಕುವುದಿಲ್ಲ ಎಂಬುದನ್ನು ಕೂಡಲೇ ಒಪ್ಪಿದರು. ಗಂಟು ಮಾತ್ರ ತಮ್ಮದೇ ಇರಬೇಕಂತೆ. ಪ್ಲಾಸ್ಟಿಕ್ ಎರೆಹುಳು ಅವರೇ, ಹದಿನೈದು ಪೌಂಡ್ ಎಳೆತ ತಾಳುವ ಫ್ಲೂರೊಕಾರ್ಬನ್ ಗಾಳದ ದಾರಕ್ಕೆ ತುಂಗಾತೀರದ ಗಂಟು ನಿಲ್ಲುತ್ತದೆಯೇ? ತಕ್ಕಡಿಗೆ ಕಟ್ಟಿ ಎಳೆದು ನೋಡಿದಾಗ ಒಂಬತ್ತು ಪೌಂಡಿಗೆ ಜಾರಿತು. ಎಂಜಲು ಹಚ್ಚಿ ಬಿಗಿದಿರಲಿಲ್ಲ, ಇನ್ನೊಮ್ಮೆ ನೋಡೋಣ ಎನ್ನುತ್ತಿದ್ದಾರೆ.