ಲಾಕ್‌ಡೌನಲ್ಲಿ ಶುರುವಾದ ಕೊಳಲಿನ ಟ್ಯೂನ್, ಮುಗಿಸೋದು ಹೇಗೆ?

ನಾಪೋಕ್ಲು_ಕೊಳಲು:
ಎಲ್ರಿಗೂ ನಮಸ್ಕಾರ. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಅಂದಾಗ ನಾನು ಬೆಂಗಳೂರಿನ ಪಿಜಿಲಿದ್ದೆ, 21 ದಿನ ತಾನೇ ಅಂದ್ಕೊಂಡು ಅಲ್ಲೇ ಉಳಿದೆ, ಆಮೇಲೆ ಮೇ 3 ಅಂದ್ರು, ಮೇ 17 ಅಂದ್ರು. ಏಪ್ರಿಲಲ್ಲಿ ಇಲ್ಲಿ ಕೊಡಗಲ್ಲಿ, ನಮ್ಮೂರಲ್ಲಿ ಹೂಮಳೆ ಬಿದ್ದು ಕಾಫಿ ಹೂ ಬಿಟ್ಟಿತ್ತು, ಅವ್ವ ವಿಡಿಯೋ ಕಾಲಲ್ಲಿ ತೋಟ ಪೂರ್ತಿ ತೋರಿಸಿದ್ರು, ಪರಿಮಳ ಒಂದು ಬಿಟ್ಟು ಎಲ್ಲಾ ಬಂತು. ಅವತ್ತು ರಾತ್ರಿ ಕೊಳಲಲ್ಲಿ ಏನೋ ಬಂತು, ಮೊಬೈಲಲ್ಲೇ ರೆಕಾರ್ಡ್ ಮಾಡ್ಕೊಂಡೆ. ಮೇ ತಿಂಗಳಲ್ಲಿ ಅಜ್ಜ ಹೋದ್ರು. ಮಣ್ಣಿಗೆ 20 ಜನಕ್ಕಿಂತ ಜಾಸ್ತಿ ಸೇರೋ ಹಾಗಿರ್ಲಿಲ್ಲ, ನನಗೆ ಪಾಸ್ ಸಿಗೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಆಮೇಲೆ ಆ ಟ್ಯೂನ್ ಮುಟ್ಟೋಕೇ ಆಗ್ಲಿಲ್ಲ.

ಈಗ ಊರಲ್ಲೇ ಇದೀನಿ, ಮುಗಿಸ್ಬೇಕು. ಶಿವರಂಜನಿ ರಾಗದಲ್ಲಿ ಬೆಳೆಸೋಕೆ ಹೋದ್ರೆ ಸಿನಿಮಾ ಅಳು ಥರ ಆಗ್ತಿದೆ. ನನಗೆ ಬೇಕಿರೋದು ಅಳು ಅಲ್ಲ, ಮನೆ ಕಡೆ ಜೀವ ಎಳೀತಿತ್ತಲ್ಲ, ಅದು. ತಬಲಾ ಗಿಬಲಾ ಬೇಡ, ಒಂಟಿ ಕೊಳಲೇ ಸಾಕು.

ಮಡಿಕೇರಿ_ಟೀಚರ್:
ರಾಗ ಬದಲಾಯಿಸೋ ಮುಂಚೆ ನೀವು ಷಡ್ಜಕ್ಕೆ (ಸ) ಎಷ್ಟು ಸಲ ಬಂದು ನಿಲ್ತಿದೀರ ನೋಡ್ಕೊಳ್ಳಿ. ಷಡ್ಜ ಅಂದ್ರೆ ಮನೆ, ಪ್ರತಿ ಸಾಲೂ ಅಲ್ಲೇ ಬಂದು ಕೂತ್ರೆ ಊರು ಬಿಟ್ಟು ಸಿಕ್ಕಾಕೊಂಡವನ ಹಾಡು ಹೇಗಾಗುತ್ತೆ? ರಿಷಭದಲ್ಲೋ (ರಿ) ಪಂಚಮದಲ್ಲೋ (ಪ) ನಿಲ್ಲಿಸಿ, ತಂಬೂರಿಲಿ ಷಡ್ಜ ಮಾತ್ರ ಹಿಂದೆ ಕೇಳ್ತಾನೇ ಇರ್ಲಿ. ಇನ್ನೊಂದು, ಆ ಅಳು ಬರ್ತಿರೋದು ಗಾಂಧಾರನ (ಗ) ಜಾಸ್ತಿ ಎಳೆಯೋದ್ರಿಂದ, ಅದನ್ನ ಮುಟ್ಟಿ ಬಿಟ್ಬಿಡಿ.

ದುಡಿಕೊಟ್ಟ್_ವಿರಾಜಪೇಟೆ:
ತಮ್ಮ, ನಮ್ಮ ಕೊಡವರ ಜನಪದ ಹಾಡು ಬಾಳೋ ಪಾಟ್ ಕೇಳಿರ್ತೀಯ. ನಾಲ್ಕು ಜನ, ನಾಲ್ಕು ದುಡಿ (ಕೈಲಿ ಹಿಡಿದು ಬಾರಿಸೋ ಪುಟ್ಟ ವಾದ್ಯ), ಇಬ್ರು ಒಂದು ಸಾಲು ಹೇಳಿದ್ರೆ ಇನ್ನಿಬ್ರು ಎತ್ಕೊಳ್ತಾರೆ. ಆ ವರ್ಷ ಪುತ್ತರಿ ಸುಗ್ಗಿ ಹಬ್ಬಕ್ಕೆ ನಮ್ಮನೇಲಿ ನಾನು ನನ್ನ ತಮ್ಮ ಇಬ್ರೇ, ಎತ್ಕೊಳ್ಳೋ ಇಬ್ರಲ್ಲಿ ಒಬ್ಬ ದುಬೈಲಿ, ಚಿಕ್ಕಪ್ಪ ಆಸ್ಪತ್ರೇಲಿ. ನಾವು ಸಾಲು ಹೇಳಿ ನಿಲ್ಲಿಸೋದು, ಅವರು ಹಾಡ್ತಿದ್ದಷ್ಟು ಹೊತ್ತು ಬರೀ ದುಡಿ ಬಾರಿಸ್ಕೊಂಡು ಕೂರೋದು, ಆಮೇಲೆ ಮುಂದಿನ ಸಾಲು. ಮನೆಯವರೆಲ್ಲ ಆ ಖಾಲಿ ಸಾಲನ್ನೇ ಕೇಳ್ತಾ ಕೂತಿದ್ರು. ಒಂಟಿ ಕೊಳಲು ಅಂತೀಯಲ್ಲ, ನೀನೂ ಒಂದು ಸಾಲು ಊದು, ಅಷ್ಟೇ ಹೊತ್ತು ಬಿಡು. ಲೆಕ್ಕ ತಪ್ಪದ ಹಾಗೆ ಬಿಡ್ಬೇಕು, ಉಸಿರು ತಗೊಳ್ಳೋಕೆ ನಿಲ್ಲಿಸಿದ ಹಾಗೆ ಕೇಳಿಸ್ಬಾರ್ದು.

ಸೋಮವಾರಪೇಟೆ_ಸೌಂಡ್:
ಹಳೇ ರೆಕಾರ್ಡಿಂಗಿಗೆ ಹೊಸದನ್ನ ಸೇರಿಸೋದಾದ್ರೆ ಶ್ರುತಿ ನೋಡ್ಕೊಳ್ಳಿ. ಅದು ಬೆಂಗಳೂರಿನ ಏಪ್ರಿಲ್ ಸೆಕೆಲಿ ಊದಿದ್ದು, ನಮ್ಮ ಮಳೆಗಾಲದ ಚಳಿಗೆ ಅದೇ ಕೊಳಲು ಸ್ವಲ್ಪ ಇಳಿದಿರುತ್ತೆ. ಊದೋ ಮುಂಚೆ ಸುಮ್ನೆ ಬಿಸಿ ಉಸಿರು ಬಿಟ್ಟು ಬೆಚ್ಚಗೆ ಮಾಡ್ಕೊಳ್ಳಿ. ಹಂಚಿನ ಮೇಲಿನ ಮಳೆ ಸದ್ದು ಮೈಕಿಗೆ ಬಂದ್ರೆ ತೆಗೀಬೇಡಿ.

ನಾಪೋಕ್ಲು_ಕೊಳಲು:
ತುಂಬಾ ಥ್ಯಾಂಕ್ಸ್. ನೀವೆಲ್ಲ ಹೇಳಿದ ಮೇಲೆ ಇಷ್ಟು ವರ್ಷ ಆದ್ಮೇಲೆ ಹಳೇದನ್ನ ಪೂರ್ತಿ ಕೇಳಿದೆ. ಕೊನೇ ಸಾಲು ರಿಷಭದಲ್ಲೇ ನಿಂತಿದೆ ಮೇಡಂ, ಅವ್ವನ ಕಾಲ್ ಬಂದು ರೆಕಾರ್ಡಿಂಗ್ ಕಟ್ ಆಗಿರೋದು. ಅದನ್ನ ಹಾಗೇ ಇಟ್ಕೊಳ್ತೀನಿ, ಅಲ್ಲಿಂದ ಅಣ್ಣ ಹೇಳಿದ ಖಾಲಿ ಸಾಲು ಬಿಟ್ಟು ಮುಂದೆ ಊದಿ ನೋಡ್ತೀನಿ. ಆದ್ರೆ ಕೊನೆಗಾದ್ರೂ ಷಡ್ಜಕ್ಕೆ ಬರ್ಬೇಕಾ? ಮನೆಗೇನೋ ಬಂದೆ, ಅಜ್ಜ ಇರ್ಲಿಲ್ಲ.